ಮಗುವಿನ ತೂಕ 1 ಕಿಲೋ 900 ಗ್ರಾಂ. ಎಲ್ಲರೂ ಕೇಳುವುದು ಒಂದೇ: ನೀನು ಸರಿಯಾಗಿ ತಿಂದಿರಲಿಲ್ವಾ?

ನೀರ್ಚಾಲಿನ ಸೊಸೆ
ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲು. ಇಲ್ಲಿ ಬಹಳ ದಿನದಿಂದ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ನನಗೆ ಹೆರಿಗೆಯಾಗಿ ಇವತ್ತಿಗೆ 11 ದಿನ. ಹೆಣ್ಣು ಮಗು. ಹುಟ್ಟಿದಾಗ 1 ಕಿಲೋ 900 ಗ್ರಾಂ ಇದ್ದಳು. 38 ವಾರ ತುಂಬಿತ್ತು, ಅಂದರೆ ದಿನ ತುಂಬುವ ಮೊದಲೇ ಬಂದ ಮಗು ಅಲ್ಲ. ಐದು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಮನೆಗೆ ಕಳಿಸಿದರು. ಹಾಲು ಕುಡಿಯುತ್ತಾಳೆ, ನಿದ್ರೆ ಮಾಡುತ್ತಾಳೆ. ನಿನ್ನೆ ತೂಗಿದಾಗ 1 ಕಿಲೋ 930.

ನೋಡಲು ಬಂದವರು ಮೊದಲು ತೊಟ್ಟಿಲು ನೋಡುತ್ತಾರೆ, ಆಮೇಲೆ ನನ್ನ ಮುಖ. "ಎಂತ, ನೀನು ಸರಿಯಾಗಿ ತಿಂದಿರಲಿಲ್ವಾ?" ಹನ್ನೊಂದು ದಿನದಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕ ತಪ್ಪಿದೆ. ನಿನ್ನೆ ರಾತ್ರಿ ಮಗುವಿಗೆ ಹಾಲು ಕೊಡುತ್ತಾ ಅತ್ತುಬಿಟ್ಟೆ.

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಐದು ತಿಂಗಳವರೆಗೆ ವಾಂತಿ. ಬೆಳಗ್ಗೆ ಐದಕ್ಕೆ ಎದ್ದು ದನದ ಹಟ್ಟಿ ಕೆಲಸ, ತಿಂಡಿ, ಅಡುಗೆ. ಎಲ್ಲರದ್ದೂ ಆಗಿ ನಾನು ಊಟಕ್ಕೆ ಕೂರುವಾಗ ಎರಡೂವರೆ. ಅಡಿಕೆ ಸುಲಿಯುವ ಸಮಯದಲ್ಲಿ ಮೆಟ್ಟುಕತ್ತಿಯ ಮುಂದೆಯೂ ಕೂತಿದ್ದೇನೆ. ಕಬ್ಬಿಣದ ಮಾತ್ರೆ ತಿಂದರೆ ಹೊಟ್ಟೆ ಕಟ್ಟುತ್ತಿತ್ತು, ನಡುವೆ ಬಿಟ್ಟೆ. ಮಗು ಕಪ್ಪಾಗುತ್ತದೆ ಅಂತ ಮನೆಯಲ್ಲಿ ಹೇಳಿದ್ದೂ ಉಂಟು. ಏಳನೇ ತಿಂಗಳಲ್ಲಿ ರಕ್ತ (ಹಿಮೋಗ್ಲೋಬಿನ್) 8.9 ಇತ್ತು.

ನಾನು ತಿಂದೆನೋ ಇಲ್ಲವೋ ಅನ್ನುವುದಷ್ಟೇ ಕಾರಣವಾ? ನಿಮ್ಮ ನಿಮ್ಮ ಮನೆಗಳಲ್ಲಿ ಏನಾಗಿದೆ ಹೇಳಿ. ಬೈದರೂ ಪರವಾಗಿಲ್ಲ, ಸರಿಯಾದ್ದು ಹೇಳಿ.

ಕುಂಬಳೆ ಕಡಲು
ಮೊದಲು ಅಳುವುದು ನಿಲ್ಲಿಸಿ ತಂಗಿ. ನನ್ನ ಎರಡನೆಯವನು 2 ಕಿಲೋ 100 ಇದ್ದ. ಈಗ ಒಂಬತ್ತನೇ ಕ್ಲಾಸು, ನನಗಿಂತ ಎತ್ತರ.

ಹಳೇ ನರ್ಸಮ್ಮ
ಮಗಳೇ, ನಾನು 31 ವರ್ಷ ಹೆರಿಗೆ ವಾರ್ಡಿನಲ್ಲಿ ಇದ್ದವಳು. ಹುಟ್ಟುವಾಗ 2 ಕಿಲೋ 500ಕ್ಕಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು ಅನ್ನುತ್ತೇವೆ. ಒಂದೂವರೆ ಕಿಲೋಕ್ಕಿಂತ ಕೆಳಗಾದರೆ ಬಹಳ ಕಡಿಮೆ. ನಮ್ಮ ದೇಶದಲ್ಲಿ ಸುಮಾರು ನೂರಕ್ಕೆ 18 ಮಕ್ಕಳು ಹೀಗೆ ಎರಡೂವರೆ ಕಿಲೋಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟುತ್ತವೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಅದು. ಅಷ್ಟೂ ತಾಯಂದಿರು ಬೇಕೆಂದೇ ಊಟ ಬಿಟ್ಟರಾ?

ಹನ್ನೊಂದನೇ ದಿನಕ್ಕೆ ಹುಟ್ಟಿದ ತೂಕ ದಾಟಿದ್ದಾಳೆ ಅಂದರೆ ಚೆನ್ನಾಗಿ ಹಾಲು ಹೋಗುತ್ತಿದೆ ಅಂತಲೇ ಅರ್ಥ. ಮೊದಲ ವಾರ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತವೆ, ಎರಡು ವಾರದ ಒಳಗೆ ಹಿಂದೆ ಬರುತ್ತವೆ. ನಿನ್ನದು ಬೇಗವೇ ಬಂದಿದೆ.

ಬೈಯುವುದು ಒಂದು ಉಂಟು. ಮಾತ್ರೆ ಬಿಟ್ಟದ್ದಕ್ಕೆ. ಬಸುರಿಯಲ್ಲಿ ರಕ್ತ 11ಕ್ಕಿಂತ ಕಡಿಮೆ ಆದರೆ ರಕ್ತಹೀನತೆ. 8.9 ಅಂದರೆ ಅದು ಸಣ್ಣ ವಿಷಯ ಅಲ್ಲ. ಮಗು ಕಪ್ಪಾಗುವುದಿಲ್ಲ, ಮಲ ಕಪ್ಪಾಗುತ್ತದೆ, ಅಷ್ಟೇ. ಆ ಮಾತು ಹುಟ್ಟಿದ್ದೇ ಅಲ್ಲಿಂದ ಅಂತ ನನಗೆ ಅನ್ನಿಸುತ್ತದೆ.

ತೋಟದಮನೆ
ಈಗ ಎಲ್ಲದಕ್ಕೂ ನಂಬರು. ನನ್ನ ಅಪ್ಪ ಹುಟ್ಟಿದಾಗ ತೂಗಿದವರು ಯಾರು? ಮನೆಯಲ್ಲೇ ಹುಟ್ಟಿ 82 ವರ್ಷ ಬದುಕಿದರು. ಕೊನೆಯವರೆಗೆ ತೋಟಕ್ಕೆ ಹೋಗುತ್ತಿದ್ದರು. ಸುಮ್ನೆ ಹೆದರಿಸಬೇಡಿ.

ಹಳೇ ನರ್ಸಮ್ಮ
ಬದುಕಿ ಉಳಿದವರ ಕಥೆ ಹೇಳಲು ಜನ ಇರುತ್ತಾರೆ ಅಣ್ಣ. ನಿಮ್ಮ ಅಜ್ಜಿ ಎಷ್ಟು ಹೆತ್ತರು, ಎಷ್ಟು ಉಳಿದವು ಅಂತ ಮನೆಯ ಹಿರಿಯರಲ್ಲಿ ಒಮ್ಮೆ ಕೇಳಿ ನೋಡಿ.

ಮಕ್ಕಳ ವಾರ್ಡು
ನಾನು ಮಕ್ಕಳ ವಿಭಾಗದಲ್ಲಿ ಓದುತ್ತಿರುವ ಡಾಕ್ಟರ್, ಊರು ಮುಳ್ಳೇರಿಯ. ಕಡಿಮೆ ತೂಕ ಅಂದಾಗ ಎರಡು ಬೇರೆ ಬೇರೆ ವಿಷಯ ಕಲಸಿ ಹೋಗುತ್ತವೆ. 37 ವಾರ ತುಂಬುವ ಮೊದಲೇ ಹುಟ್ಟುವುದು ಒಂದು. ದಿನ ತುಂಬಿದರೂ ಹೊಟ್ಟೆಯೊಳಗೆ ಬೆಳವಣಿಗೆ ಕಡಿಮೆ ಆಗುವುದು ಇನ್ನೊಂದು. ಅಕ್ಕನ ಮಗು ಎರಡನೆಯದು.

ಬೆಳವಣಿಗೆ ಕಡಿಮೆ ಆಗಲು ಮಾಸಿಗೆ (ಪ್ಲಾಸೆಂಟಾ) ಹೋಗುವ ರಕ್ತ, ಅದರ ಮೂಲಕ ಮಗುವಿಗೆ ಹೋಗುವ ಆಹಾರ, ಆಮ್ಲಜನಕ ಕಡಿಮೆಯಾಗುವುದು ಮುಖ್ಯ ಕಾರಣ. ಅದರ ಹಿಂದೆ ಬಿಪಿ ಇರಬಹುದು, ರಕ್ತಹೀನತೆ ಇರಬಹುದು, ತಂಬಾಕು, ಅಡುಗೆಮನೆಯ ಹೊಗೆ, ಮಲೇರಿಯಾ, ಮೂತ್ರದ ಸೋಂಕು, ಅವಳಿ ಮಕ್ಕಳು, ಹೆರಿಗೆಗಳ ನಡುವೆ ಅಂತರ ಇಲ್ಲದಿರುವುದು ಇರಬಹುದು. ಎರಡು ಮೂರು ಸೇರಿಯೇ ಇರುತ್ತವೆ ಜಾಸ್ತಿ.

ಜನ ಮರೆಯುವ ಇನ್ನೊಂದು ಉಂಟು. ಬಸುರಿಯಾಗುವ ಮೊದಲು ತಾಯಿಯ ತೂಕ, ಎತ್ತರ ಎಷ್ಟಿತ್ತು? ಅಕ್ಕ, ಮದುವೆ ಹೊತ್ತಿಗೆ ನಿಮ್ಮ ತೂಕ ಎಷ್ಟು?

ನೀರ್ಚಾಲಿನ ಸೊಸೆ
41 ಕಿಲೋ. ಹೆರಿಗೆಗೆ ಹೋಗುವಾಗ 47. ನಾನೇ ಹುಟ್ಟಿದಾಗ ಅಂಗೈಯಷ್ಟಿದ್ದೆ ಅಂತ ಅಮ್ಮ ಹೇಳುತ್ತಾಳೆ.

ಮಕ್ಕಳ ವಾರ್ಡು
ಹಾಗಾದರೆ ಈ ಲೆಕ್ಕ ಒಂಬತ್ತು ತಿಂಗಳದ್ದಲ್ಲ ಅಕ್ಕ, ಇಪ್ಪತ್ತೈದು ವರ್ಷದ್ದು. ಸಣ್ಣಗೆ ಹುಟ್ಟಿದ ಹುಡುಗಿ ಸಣ್ಣಗೇ ಬೆಳೆದು ತಾಯಿಯಾದರೆ ಅವಳ ಮಗುವೂ ಸಣ್ಣದಾಗುವ ಸಾಧ್ಯತೆ ಜಾಸ್ತಿ. ಬಸುರಿಯಲ್ಲಿ 10ರಿಂದ 12 ಕಿಲೋ ಏರಬೇಕು ಅನ್ನುತ್ತೇವೆ, ನಿಮಗೆ ಏರಿದ್ದು ಆರು. "ತಿಂದಿರಲಿಲ್ವಾ" ಅಂತ ನಿಮ್ಮೊಬ್ಬರನ್ನೇ ಕೇಳುವುದು ತಪ್ಪು. ನಿಮಗೆ ಹನ್ನೆರಡು ವರ್ಷವಾಗಿದ್ದಾಗ ತಟ್ಟೆಯಲ್ಲಿ ಏನಿತ್ತು ಅಂತಲೂ ಕೇಳಬೇಕು.

ಬೀಡಿ ಮಗಳು
ಪೈವಳಿಕೆಯವಳು ನಾನು. ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖ ಉಂಟು, ಯಾರೂ ಹೇಳುತ್ತಿಲ್ಲ.

ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಸಾಕಿದ್ದು. ತೊಡೆ ಮೇಲೆ ತಡ್ಪೆ, ಅಂದರೆ ಮೊರ. ಅದರಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ. ನನ್ನ ತಮ್ಮ ಹೊಟ್ಟೆಯಲ್ಲಿದ್ದಾಗ ತಡ್ಪೆ ಇಡಲು ಜಾಗ ಸಾಲದೆ ಪಕ್ಕದ ಸ್ಟೂಲಿನ ಮೇಲೆ ಇಟ್ಟುಕೊಂಡು ಕಟ್ಟುತ್ತಿದ್ದಳು. ಹೆರಿಗೆ ನೋವು ಬಂದ ದಿನವೂ ಬೀಡಿ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಟ್ಟು ಲೆಕ್ಕ ಬರೆಸಿ ಬಂದಿದ್ದಳು. ತಮ್ಮ ಹುಟ್ಟಿದ್ದು 1 ಕಿಲೋ 750ಕ್ಕೆ.

ನಮ್ಮ ಮನೆಯಲ್ಲಿ ಯಾರೂ ಬೀಡಿ ಸೇದುವುದಿಲ್ಲ. ಆದರೂ ಮನೆ ತುಂಬ ಆ ವಾಸನೆ. ಅನ್ನದ ತಟ್ಟೆಯಲ್ಲೂ ಅದೇ. ಸೇದಿದರೆ ಮಾತ್ರ ತೊಂದರೆ ಅಂತ ಎಲ್ಲರೂ ಅಂದುಕೊಂಡಿದ್ದೆವು.

ಮಕ್ಕಳ ವಾರ್ಡು
ಸೇದಬೇಕೆಂದಿಲ್ಲ. ಪುಡಿ ಉಸಿರಿನಲ್ಲಿ ಹೋಗುತ್ತದೆ, ಕೈಯ ಚರ್ಮದಿಂದಲೂ ನಿಕೋಟಿನ್ ಒಳಗೆ ಹೋಗುತ್ತದೆ. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಮಾಸಿಗೆ ಹೋಗುವ ರಕ್ತ ಕಡಿಮೆಯಾದರೆ ಮಗು ಸಣ್ಣದಾಗುತ್ತದೆ.

ಮೀಂಜದ ಮಾಷ್ಟ್ರು
ಇದಕ್ಕೇ ಬಸುರಿಯರು ಬೀಡಿ ಕಟ್ಟುವುದನ್ನು ನಿಲ್ಲಿಸಲೇಬೇಕು. ಒಂದು ವರ್ಷ ಬಿಟ್ಟರೆ ಏನು ಹೋಗುತ್ತದೆ?

ಬೀಡಿ ಮಗಳು
ಅಕ್ಕಿ ಹೋಗುತ್ತದೆ ಮಾಷ್ಟ್ರೇ. ಕುಳಿತಲ್ಲೇ ಸಿಗುವ ಕೆಲಸ ನಮ್ಮೂರಲ್ಲಿ ಅದೊಂದೇ. ಮಗುವಿನ ತೊಟ್ಟಿಲು ತೂಗುತ್ತಾ ದುಡಿಯಬಹುದು, ಅಂಗಡಿಯ ಸಾಲ ತೀರಿಸಬಹುದು, ಮಕ್ಕಳ ಫೀಸು ಕಟ್ಟಬಹುದು. ಬೀಡಿ ಬಿಡಿಸಿದರೆ ಆ ಒಂಬತ್ತು ತಿಂಗಳು ಒಲೆ ಉರಿಯಲು ಏನು ಮಾಡಬೇಕು? ಅದನ್ನು ಹೇಳಿ, ಆಮೇಲೆ ಬಿಡಿ ಅನ್ನಿ. ಅಮ್ಮನಿಗೆ ಮಗು ಬೇಡವಾಗಿತ್ತಾ?

ಮೀಂಜದ ಮಾಷ್ಟ್ರು
ನನ್ನ ಮಾತು ನೋಯಿಸಿದ್ದರೆ ಕ್ಷಮಿಸಮ್ಮ. ನನ್ನ ಕ್ಲಾಸಿನಲ್ಲಿಯೇ ಅರ್ಧ ಮಕ್ಕಳ ಅಮ್ಮಂದಿರು ಬೀಡಿ ಕಟ್ಟುವವರು. ನೀವು ಹೇಳಿದ್ದು ಸರಿ.

ಹಳೇ ನರ್ಸಮ್ಮ
ಬಿಡಲು ಆಗದವರಿಗೆ ನಾನು ಹೇಳುತ್ತಿದ್ದದ್ದು ಇಷ್ಟು. ಒಳಗೆ ಬಾಗಿಲು ಹಾಕಿಕೊಂಡು ಕಟ್ಟಬೇಡಿ, ಜಗಲಿಯಲ್ಲಿ ಗಾಳಿಗೆ ಕೂರಿ. ಹೊಗೆಸೊಪ್ಪು ಜರಡಿ ಹಿಡಿಯುವ ಕೆಲಸ ಮನೆಯ ಬೇರೆಯವರು ಮಾಡಲಿ. ಮಲಗುವ ಕೋಣೆಯಲ್ಲಿ ಅದರ ಕಟ್ಟು ಇಡಬೇಡಿ. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಇದರಿಂದ ಎಲ್ಲ ಸರಿಹೋಗುವುದಿಲ್ಲ, ಆದರೆ ಒಳಗೆ ಹೋಗುವುದು ಕಡಿಮೆಯಾಗುತ್ತದೆ.

ಎಲೆ ಅಡಿಕೆ ಜಗಿಯುವವರೂ ಕೇಳಿ. ಹೊಗೆಸೊಪ್ಪು ಇಲ್ಲದ ವೀಳ್ಯವಾದರೂ ಬಸುರಿಯಲ್ಲಿ ದಿನಾ ಹಾಕುವುದು ಬೇಡ. ಅಡಿಕೆಯ ಅಂಶವೇ ಮಾಸು ದಾಟಿ ಮಗುವಿಗೆ ಹೋಗುತ್ತದೆ.

ತೋಟದಮನೆ
ಅಡಿಕೆಗೂ ಬಂದಿರಾ? ನಮ್ಮ ಬದುಕೇ ಅದು. ಎಲ್ಲರೂ ಸೇರಿ ಅಡಿಕೆಗೆ ಕೆಟ್ಟ ಹೆಸರು ತರುತ್ತಿದ್ದೀರಿ.

ಹಳೇ ನರ್ಸಮ್ಮ
ನನ್ನ ಮನೆಯಂಗಳದಲ್ಲೂ ಅಡಿಕೆ ಒಣಗುತ್ತಿದೆ ಅಣ್ಣ. ಬೆಳೆಯಬೇಡಿ ಅನ್ನಲಿಲ್ಲ. ಬಸುರಿ ಜಗಿಯುವುದು ಬೇಡ ಅಂದೆ.

ಉಪ್ಪಳ ಶಾರ್ಜಾ
ಇದನ್ನು ಇಲ್ಲಿ ಶಾರ್ಜಾದ ರೂಮಿನಲ್ಲಿ ಕೂತು ಓದುತ್ತಿದ್ದೇನೆ. ಹೆಂಡತಿಗೆ ಆರನೇ ತಿಂಗಳು, ಉಪ್ಪಳದಲ್ಲಿ ನನ್ನ ಅಮ್ಮನ ಜೊತೆ ಇದ್ದಾಳೆ. ದಿನಾ ಫೋನ್ ಮಾಡಿ "ಊಟ ಆಯ್ತಾ" ಅಂತ ಕೇಳುತ್ತೇನೆ. "ಆಯ್ತು" ಅನ್ನುತ್ತಾಳೆ. ಏನು ತಿಂದೆ, ಯಾವಾಗ ತಿಂದೆ ಅಂತ ಇಷ್ಟು ದಿನದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಇವತ್ತು ಕೇಳಿದೆ. ಮಧ್ಯಾಹ್ನ ಮೂರು ಗಂಟೆಗೆ ಗಂಜಿ, ಉಪ್ಪಿನಕಾಯಿ ಅಂದಳು. ಮೀನು ಮಾಡಿರಲಿಲ್ವಾ ಅಂದೆ. ಮಾಡಿತ್ತು, ಮಾವನಿಗೆ, ಮೈದುನನಿಗೆ ಆಗುವಾಗ ಮುಗಿಯಿತು ಅಂದಳು. ದೂರು ಹೇಳುವ ಧ್ವನಿಯೂ ಅಲ್ಲ ಅದು, ಮಾಮೂಲಿ ವಿಷಯ ಹೇಳಿದ ಹಾಗೆ.

ನಾನು ಇಲ್ಲಿಂದ ದುಡ್ಡು ಕಳಿಸುತ್ತೇನೆ. ಆ ದುಡ್ಡಿನ ಮೀನು ಅವಳ ತಟ್ಟೆಗೆ ಹೋಗಿಲ್ಲ. ಅಮ್ಮನಿಗೆ ಹೇಗೆ ಹೇಳುವುದು? ಹೆಂಡತಿ ಹೇಳಿಕೊಟ್ಟದ್ದು ಅಂತ ಆಗಬಾರದು.

ಕುಂಬಳೆ ಕಡಲು
"ಅಮ್ಮ, ಡಾಕ್ಟ್ರು ನನಗೆ ಫೋನಲ್ಲಿ ಹೇಳಿದರು" ಅನ್ನಿ. ಮೊದಲು ಅವಳಿಗೆ ಬಡಿಸಿ ಆಮೇಲೆ ಉಳಿದವರು. ನಮ್ಮ ಮನೆಯಲ್ಲಿ ಹಾಗೇ ಸರಿಯಾದದ್ದು. ಭೂತಾಯಿ, ಬಂಗುಡೆ ಮೀನು ಇದ್ದರೆ ದುಬಾರಿ ಟಾನಿಕ್ ಯಾಕೆ?

ಹಳೇ ನರ್ಸಮ್ಮ
ಮೀನು ತಿನ್ನದವರ ಮನೆಯಲ್ಲಿ ಹುರುಳಿ, ಹೆಸರುಕಾಳು, ನೆಲಗಡಲೆ, ಹಾಲು ಮೊಸರು. ಬಸಳೆ, ಹರಿವೆ, ನುಗ್ಗೆ ಸೊಪ್ಪು, ಮಳೆಗಾಲದಲ್ಲಿ ತಗತೆ ಸೊಪ್ಪು ಗುಡ್ಡೆಯಲ್ಲಿ ಸುಮ್ನೆ ಸಿಗುತ್ತದೆ. ಊಟದ ಜೊತೆ ಲಿಂಬೆಯೋ ನೆಲ್ಲಿಕಾಯಿಯೋ ಇದ್ದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಮಾತ್ರೆಯನ್ನು ಚಹಾ, ಹಾಲಿನ ಜೊತೆ ನುಂಗಬೇಡಿ. ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ, ನಡುವೆ ಎರಡು ಗಂಟೆ ಬಿಡಿ. ರಾತ್ರಿ ಮಲಗುವ ಮೊದಲು ತೆಗೆದುಕೊಂಡರೆ ವಾಕರಿಕೆ ಕಡಿಮೆ. ಹೊಟ್ಟೆ ಕಟ್ಟಿದರೆ ನೀರು, ಬಾಳೆಹಣ್ಣು, ಸೊಪ್ಪು. ಆದರೂ ಆಗದಿದ್ದರೆ ಡಾಕ್ಟ್ರಿಗೆ ಹೇಳಿ, ಬೇರೆ ಮಾತ್ರೆ ಕೊಡುತ್ತಾರೆ. ಹೇಳದೆ ಬಿಡಬೇಡಿ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, 180 ದಿನ. ಹೆರಿಗೆಯ ನಂತರವೂ 180 ದಿನ. ಸೊಸೆಯಮ್ಮ, ನೀನು ಈಗಲೂ ಶುರು ಮಾಡಬೇಕು.

ಅಜ್ಜಿಮನೆ
ಅಜ್ಜಿ ಹೇಳಿದ್ದನ್ನು ಮೊಮ್ಮಗಳು ನಾನು ಟೈಪ್ ಮಾಡುತ್ತಿದ್ದೇನೆ. ಅಜ್ಜಿಗೆ 79 ವರ್ಷ. ಅಡೂರಿನ ಹತ್ತಿರ ಮನೆ. ಇಲ್ಲಿ ಬಂದದ್ದನ್ನೆಲ್ಲ ಓದಿ ಹೇಳಿದೆ. ಅವರ ಮಾತು ಹೀಗೆ:

"ಅತ್ತೆಯಂದಿರು ತಿನ್ನಲು ಬಿಡಲಿಲ್ಲ ಅಂತ ನೀವೆಲ್ಲ ಬರೆಯುತ್ತಿದ್ದೀರಿ. ನಾನೂ ನನ್ನ ಸೊಸೆಗೆ ಏಳು ತಿಂಗಳ ಮೇಲೆ ಅನ್ನ ಕಡಿಮೆ ಹಾಕಿದವಳೇ. ನನ್ನ ಅತ್ತೆಯೂ ನನಗೆ ಹಾಗೇ ಮಾಡಿದ್ದರು. ಯಾಕೆ ಅಂತ ಕೇಳಿ.

ನನ್ನ ಅಕ್ಕನಿಗೆ ದೊಡ್ಡ ಮಗು. ಎರಡು ರಾತ್ರಿ ನೋವು ತಿಂದಳು. ಮಳೆಗಾಲ. ಹೊಳೆಗೆ ಸೇತುವೆ ಇಲ್ಲ, ಆಸ್ಪತ್ರೆ ಅಂದರೆ ಮಂಗಳೂರು. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತುಕೊಂಡು ಹೊರಟರು. ಹೊಳೆ ದಾಟಲಿಲ್ಲ. ತಾಯಿ ಮಗು ಇಬ್ಬರೂ ಹೋದರು. ಮಗು ಸಣ್ಣದಾದರೆ ಸಾಕಿಕೊಳ್ಳಬಹುದು, ದೊಡ್ಡದಾಗಿ ಸಿಕ್ಕಿಹಾಕಿಕೊಂಡರೆ ಇಬ್ಬರೂ ಇಲ್ಲ. ನಮಗೆ ಗೊತ್ತಿದ್ದ ಲೆಕ್ಕ ಅದು. ಹೊಟ್ಟೆಕಿಚ್ಚಿಗೆ ಅನ್ನ ಕಡಿಮೆ ಹಾಕಿದ್ದಲ್ಲ, ಹೆದರಿ ಹಾಕಿದ್ದು.

ಮಾತ್ರೆ ತಿಂದರೆ ಮಗು ದೊಡ್ಡದಾಗುತ್ತದೆ ಅಂತ ಅದನ್ನೂ ಬೇಡ ಅಂದೆ. ಈಗ ಆಸ್ಪತ್ರೆ ಉಂಟು, ಆಪರೇಷನ್ ಉಂಟು, ರಸ್ತೆ ಉಂಟು. ಆದರೆ ಹೆದರಿಕೆ ಹೋಗಿಲ್ಲ. ಯಾರೂ ನಮ್ಮ ಹತ್ತಿರ ಕೂತು, ಈಗ ಹೆದರಬೇಡಿ, ಹೊಟ್ಟೆ ತುಂಬ ಬಡಿಸಿ ಅಂತ ಹೇಳಲಿಲ್ಲ. ಸೊಸೆಗೆ ಹೇಳಿ ಕಳಿಸಿದರು. ಸೊಸೆ ಬಂದು ಅತ್ತೆಗೆ ಹೇಳುವುದು ಹೇಗೆ?"

ಇಷ್ಟು ಹೇಳಿ ಅಜ್ಜಿ ಒಳಗೆ ಹೋದರು.

ನೀರ್ಚಾಲಿನ ಸೊಸೆ
ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ನನ್ನ ಅತ್ತೆಗೆ ಇದನ್ನು ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಅವರ ಮೊದಲ ಮಗು ಉಳಿಯಲಿಲ್ಲ ಅಂತ ಹೇಳಿದರು. ಮದುವೆಯಾಗಿ ನಾಲ್ಕು ವರ್ಷವಾಯಿತು, ನನಗೆ ಅದು ಗೊತ್ತೇ ಇರಲಿಲ್ಲ.

ತೋಟದಮನೆ
ನರ್ಸಮ್ಮ ಹೇಳಿದ ಹಾಗೆ ದೊಡ್ಡಮ್ಮನ ಹತ್ತಿರ ಕೇಳಿದೆ. ಅಜ್ಜಿ ಹೆತ್ತದ್ದು 11. ಉಳಿದದ್ದು 6. ಅಪ್ಪ ಒಂಬತ್ತನೆಯವರು. ತೀರಿಹೋದ ಐದರ ಬಗ್ಗೆ ನಮ್ಮ ಮನೆಯಲ್ಲಿ ಯಾವತ್ತೂ ಮಾತೇ ಬಂದಿರಲಿಲ್ಲ. ನಾನು ಮೊದಲು ಬರೆದದ್ದನ್ನು ಹಿಂದೆ ತೆಗೆದುಕೊಳ್ಳುತ್ತೇನೆ.

ಎಣ್ಮಕಜೆ ಗುಡ್ಡೆ
ಅಜ್ಜಿಯ ಹೆದರಿಕೆ ಹಳೇದು ಅಂತ ತಳ್ಳಿಹಾಕಬೇಡಿ. 2020ರ ಮಾರ್ಚ್‌ನಲ್ಲಿ ಕೋವಿಡ್ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ವಿಷಯ ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಗಿ ರೋಗಿಗಳಿಗೆ ದಾರಿ ಬಿಡಬೇಕಾಯಿತು. ಆ ದಿನಗಳಲ್ಲಿ ನನ್ನ ತಂಗಿಗೆ ಒಂಬತ್ತನೇ ತಿಂಗಳು. ಮಂಗಳೂರಿನಲ್ಲೇ ತೋರಿಸುತ್ತಿದ್ದವಳು. ಆಗ ನಮ್ಮ ಮನೆಯ ಹಿರಿಯರೂ "ಕಡಿಮೆ ತಿನ್ನು, ಮಗು ಸಣ್ಣದಿರಲಿ" ಅಂದರು. ಐವತ್ತು ವರ್ಷದ ಹಿಂದಿನ ಮಾತು ಒಂದೇ ವಾರದಲ್ಲಿ ಹಿಂದೆ ಬಂತು.

ಇನ್ನೊಂದು. ನಮ್ಮ ಕಡೆ ಮಗು ಸಣ್ಣದಾಗಿ ಹುಟ್ಟಿದರೆ ಎಲ್ಲರ ಮನಸ್ಸು ಮೊದಲು ಎಂಡೋಸಲ್ಫಾನ್ ಕೀಟನಾಶಕದ ಕಡೆಗೆ ಹೋಗುತ್ತದೆ. ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಲು ಹೇಳಿತು. ಆ ಮನೆಗಳ ನೋವು ನಾನು ಹತ್ತಿರದಿಂದ ನೋಡಿದವನು. ಆದರೆ "ಹೇಗೂ ಎಂಡೋಸಲ್ಫಾನಿನ ಮಣ್ಣು, ನಮ್ಮ ಕೈಯಲ್ಲೇನಿದೆ" ಅಂತ ಮಾತ್ರೆ, ತಪಾಸಣೆ ಬಿಡುವವರನ್ನೂ ನೋಡಿದ್ದೇನೆ. ಅದು ಬೇಡ. ವಿಷ ಸುರಿದವರ ಲೆಕ್ಕ ಬೇರೆ ಕೇಳೋಣ, ಬಸುರಿಯ ಬಿಪಿ ತಿಂಗಳು ತಿಂಗಳು ನೋಡಲೇಬೇಕು.

ಮೀಂಜದ ಮಾಷ್ಟ್ರು
ಭಾಷೆಯ ವಿಷಯ ಯಾರೂ ಎತ್ತಲಿಲ್ಲ. ಸೊಸೆಯಮ್ಮ, ನಿಮಗೆ ಕೊಟ್ಟ ತಾಯಿ ಮಗುವಿನ ಪುಸ್ತಕ ಯಾವ ಭಾಷೆಯದ್ದು?

ನೀರ್ಚಾಲಿನ ಸೊಸೆ
ಮಲಯಾಳಂ. ನಾನು ಪುತ್ತೂರಿನ ಕಡೆಯಿಂದ ಮದುವೆಯಾಗಿ ಬಂದವಳು, ಓದಲು ಬರುವುದಿಲ್ಲ. ಏಳನೇ ತಿಂಗಳಲ್ಲಿ ಫೋನ್ ಮಾಡಿ "ವಿಳರ್ಚ ಉಂಟು, ಮಾತ್ರೆ ಬಿಡಬೇಡಿ" ಅಂದಿದ್ದರು. ವಿಳರ್ಚ ಅಂದರೆ ಸುಸ್ತು ಅಂದುಕೊಂಡೆ. ಬಸುರಿಗೆ ಸುಸ್ತು ಇರುವುದೇ ಅಲ್ವಾ ಅಂತ ಸುಮ್ಮನಾದೆ.

ಹಳೇ ನರ್ಸಮ್ಮ
ವಿಳರ್ಚ ಅಂದರೆ ರಕ್ತಹೀನತೆ ಮಗಳೇ. ಇದನ್ನು ಓದಿ ನನ್ನ ಹೊಟ್ಟೆ ಉರಿಯಿತು. "ಅನಕ್ಕಂ ಉಂಡೋ" ಅಂತ ಕೇಳುವಾಗಲೂ ಹೀಗೇ ಆಗುತ್ತದೆ. ಮಗು ಅಲುಗಾಡುತ್ತಿದೆಯಾ ಅಂತ ಕೇಳುವುದು ಅದು. ಅರ್ಥವಾಗದೆ "ಹೂಂ" ಅಂದವರನ್ನು ನಾನು ನೋಡಿದ್ದೇನೆ. ಅಲುಗಾಟ ಕಡಿಮೆಯಾದರೆ ಆ ಕೂಡಲೇ ಆಸ್ಪತ್ರೆಗೆ ಬರಬೇಕು. ಅಂಥ ಪ್ರಶ್ನೆಗೆ ಸುಮ್ನೆ ಹೂಂ ಅಂದರೆ ಹೇಗೆ?

ಕುಂಬಳೆ ಕಡಲು
ಕೇರಳದಲ್ಲಿ ಇದ್ದ ಮೇಲೆ ಸ್ವಲ್ಪ ಮಲಯಾಳಂ ಕಲಿಯಬೇಕು. ನಾವೆಲ್ಲ ಕಲಿಯಲಿಲ್ವಾ? ಎಲ್ಲದಕ್ಕೂ ಸರಕಾರವನ್ನೇ ದೂರುವುದು ಸರಿಯಲ್ಲ.

ಮೀಂಜದ ಮಾಷ್ಟ್ರು
ಪೇಟೆಯಲ್ಲಿ ಇರುವವರು ಕಲಿಯುತ್ತಾರೆ. ಬದಿಯಡ್ಕದ ಒಳಗೆ ಹೋದರೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಗಡಿಯಾಚೆಯಿಂದ ಮದುವೆಯಾಗಿ ಬಂದ ಹುಡುಗಿ ಬಸುರಿಯಾಗುವ ಮೊದಲು ಲಿಪಿ ಕಲಿತು ಮುಗಿಸಬೇಕಾ? 1956ರಲ್ಲಿ ರಾಜ್ಯಗಳ ಗಡಿ ಬದಲಾದಂದಿನಿಂದ ನಾವು ಕೇರಳದ ಕಡೆ ಇದ್ದೇವೆ. ಕನ್ನಡ ಇಲ್ಲಿ ಭಾಷಾ ಅಲ್ಪಸಂಖ್ಯಾತರ ಭಾಷೆ ಅಂತ ಸರಕಾರವೇ ಒಪ್ಪಿದೆ. ಹಾಗಿದ್ದ ಮೇಲೆ ರಕ್ತಹೀನತೆ ಅನ್ನುವ ಒಂದು ಪದ ಕನ್ನಡದಲ್ಲಿ ಕೇಳುವುದು ಹಟ ಅಲ್ಲ.

ಕುಂಬಳೆ ಕಡಲು
ಸರಿ, ಆ ಪುಸ್ತಕದ ಮಟ್ಟಿಗೆ ಒಪ್ಪುತ್ತೇನೆ. ಆದರೆ ಕಲಿಯಬೇಕು ಅನ್ನುವ ಮಾತು ಬಿಡುವುದಿಲ್ಲ. ನಮ್ಮ ಆಶಾ ಕಾರ್ಯಕರ್ತೆ ಅಕ್ಕ ಮಲಯಾಳಂ, ತುಳು, ಕನ್ನಡ, ಬ್ಯಾರಿ ನಾಲ್ಕೂ ಮಾತಾಡುತ್ತಾರೆ. ಅವರ ಸಂಬಳದ ಬಗ್ಗೆ ಯಾರೂ ಬರೆಯುವುದಿಲ್ಲ.

ತಾಳವಾಡಿ ಹುಡುಗಿ
ನಮ್ಮದು ತಮಿಳುನಾಡಿನ ಈರೋಡ್ ಜಿಲ್ಲೆ, ಮನೆಮಾತು ಕನ್ನಡ. ಇಲ್ಲೂ ಇದೇ ಕಥೆ, ಎಲ್ಲ ತಮಿಳಿನಲ್ಲಿ. ಒಂದು ಒಳ್ಳೆಯದು ಅಂದರೆ ಇಲ್ಲಿ ಬಸುರಿಯರಿಗೆ ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ದುಡ್ಡು, ಪೌಷ್ಟಿಕ ಆಹಾರದ ಕಿಟ್ ಎಲ್ಲ ಸೇರಿ 18,000 ರೂಪಾಯಿಯ ಸಹಾಯ ಬರುತ್ತದೆ. ನಿಮ್ಮಲ್ಲಿ?

ಮೀಂಜದ ಮಾಷ್ಟ್ರು
ಕೇಂದ್ರದ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ. ಎರಡನೆಯದು ಹೆಣ್ಣಾದರೆ 6,000. ತಲಪಾಡಿ ದಾಟಿದರೆ ಕರ್ನಾಟಕದಲ್ಲಿ 2017ರಿಂದ ಮಾತೃಪೂರ್ಣ ಇದೆ, ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ. ನನಗೆ ಆ ಯೋಜನೆ ಇಷ್ಟ. ದುಡ್ಡು ಮನೆಯ ಖರ್ಚಿಗೆ ಹೋಗಬಹುದು, ಅಲ್ಲೇ ಕೂತು ತಿಂದ ಅನ್ನ ಅವಳ ಹೊಟ್ಟೆಗೇ ಹೋಗುತ್ತದೆ.

ಬೀಡಿ ಮಗಳು
ದೂರ ಇದ್ದರೆ ನಡೆದು ಹೋಗಿ ಉಣ್ಣುವುದು ಕಷ್ಟ ಮಾಷ್ಟ್ರೇ. ಗುಡ್ಡೆ ಹತ್ತಿ ಇಳಿದು ಒಂದು ಹೊತ್ತಿನ ಊಟಕ್ಕೆ ಹೋಗುವುದು ಎಂಟನೇ ತಿಂಗಳಲ್ಲಿ ಆಗುವ ಕೆಲಸ ಅಲ್ಲ.

ಜತ್ತ ಕಡೆಯವ
ನಾನು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನವ. ನಮ್ಮ ಕಡೆ ಕಬ್ಬು ಕಡಿಯಲು ಹೋಗುತ್ತಾರೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ, ಅಂದರೆ ಒಂದು ಕಡಿಯುವ ಜೋಡಿ. ಕೂಲಿಗೆ ಕರೆದೊಯ್ಯುವ ಮುಕಾದಮ ಮೊದಲೇ ಮುಂಗಡ ಕೊಟ್ಟಿರುತ್ತಾನೆ, ಅದು ತೀರುವವರೆಗೆ ಕಡಿಯಬೇಕು. ಹೆಂಡತಿ ಬಸುರಿ ಅಂತ ಮನೆಯಲ್ಲಿ ಕೂತರೆ ಕೊಯ್ತಾ ಮುರಿಯುತ್ತದೆ. ಹಾಗಾಗಿ ಎಂಟನೇ ತಿಂಗಳಲ್ಲೂ ತಲೆ ಮೇಲೆ ಕಬ್ಬಿನ ಹೊರೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುತ್ತಾರೆ. ಊರ ಅಂಗನವಾಡಿಯಲ್ಲಿ ಅವಳ ಹೆಸರು ಇರುತ್ತದೆ, ಅವಳು ಇರುವುದಿಲ್ಲ. ಅಲ್ಲಿ ಕಬ್ಬು ಕಡಿಯುವ ಜಾಗದಲ್ಲಿ, ಫಡದಲ್ಲಿ, ಅವಳು ಇರುತ್ತಾಳೆ, ಹೆಸರು ಇರುವುದಿಲ್ಲ. ನನ್ನ ಅತ್ತಿಗೆಯ ಎರಡನೇ ಮಗು ಫಡದ ಗುಡಿಸಲಿನಲ್ಲೇ ಹುಟ್ಟಿತು. ಯಾರೂ ತೂಗಲಿಲ್ಲ. ಮೂರನೇ ದಿನ ತೀರಿತು.

ಹಳೇ ನರ್ಸಮ್ಮ
ಅಯ್ಯೋ ಮಗನೇ.

ಮಕ್ಕಳ ವಾರ್ಡು
ಒಂದು ವಿಷಯ ಹೇಳಲೇಬೇಕು. ಸಣ್ಣಗೆ ಹುಟ್ಟಿದ್ದರ ಪರಿಣಾಮ ಮೊದಲ ವರ್ಷಕ್ಕೆ ಮುಗಿಯುವುದಿಲ್ಲ. ಇದಕ್ಕೆ ದೊಡ್ಡ ಸಾಕ್ಷಿ ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಮಕ್ಕಳ ಹುಟ್ಟಿದ ತೂಕ ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಲೆಕ್ಕ: ಎರಡೂವರೆ ಕಿಲೋ ಅಥವಾ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. 3 ಕಿಲೋ 100ಕ್ಕಿಂತ ಜಾಸ್ತಿ ಇದ್ದವರಲ್ಲಿ ನೂರಕ್ಕೆ 3.

ಪುಣೆಯ ಹಳ್ಳಿಗಳಲ್ಲಿ ಡಾ. ಯಾಜ್ಞಿಕ್ ಅವರ ತಂಡ ಬಸುರಿಯರ ಊಟವನ್ನು ನೋಡಿತು. ಹಾಲು, ಸೊಪ್ಪು, ಹಣ್ಣು ಹೆಚ್ಚು ಸಲ ತಿಂದವರ ಮಕ್ಕಳು ದೊಡ್ಡದಾಗಿದ್ದವು. ಅನ್ನ ಎಷ್ಟು ಅನ್ನುವುದಕ್ಕಿಂತ ಅದರ ಜೊತೆಗೆ ಏನು ಅನ್ನುವುದು ಮುಖ್ಯವಾಗಿತ್ತು.

ನೀರ್ಚಾಲಿನ ಸೊಸೆ
ಹಾಗಾದರೆ ನನ್ನ ಮಗಳಿಗೆ ಮುಂದೆ ಹೃದಯದ ಕಾಯಿಲೆ ಬರುತ್ತದಾ?

ಮಕ್ಕಳ ವಾರ್ಡು
ಇಲ್ಲ ಅಕ್ಕ, ಹಾಗಲ್ಲ. ಆ ನೂರರಲ್ಲಿ 89 ಮಂದಿಗೆ ಇರಲಿಲ್ಲ ನೋಡಿ. ಸಂಭವ ಸ್ವಲ್ಪ ಜಾಸ್ತಿ, ಅಷ್ಟೇ. ಆರು ತಿಂಗಳು ಎದೆಹಾಲು ಮಾತ್ರ ಕೊಡಿ. ಆಮೇಲೆ ಒಳ್ಳೆ ಊಟ. ಸಣ್ಣ ಇದ್ದಾಳೆ ಅಂತ ಸಕ್ಕರೆ, ಬಿಸ್ಕತ್ತು ತುರುಕಿ ಬೇಗ ಉಬ್ಬಿಸಬೇಡಿ. ಅವಳಿಗೆ ಹನ್ನೆರಡು ವರ್ಷವಾದಾಗ ತಟ್ಟೆಯಲ್ಲಿ ಅಣ್ಣತಮ್ಮಂದಿರಷ್ಟೇ ಮೊಟ್ಟೆ, ಹಾಲು ಇರಲಿ.

ಅಜ್ಜಿಮನೆ
ಅಜ್ಜಿ ಕೇಳುತ್ತಿದ್ದಾರೆ, ಮಗುವಿಗೆ ಎಣ್ಣೆ ಹಚ್ಚಿ ಬಿಸಿನೀರು ಸ್ನಾನ ಶುರು ಮಾಡಿದ್ದೀರಾ ಅಂತ. ಸಣ್ಣ ಮಗುವಿಗೆ ಸ್ನಾನ ಚೆನ್ನಾಗಿ ಆದರೆ ಮೈ ಕೂಡುತ್ತದೆ ಅನ್ನುತ್ತಾರೆ.

ಹಳೇ ನರ್ಸಮ್ಮ
ಅಜ್ಜಿಯವರೇ, ಈಗಲೇ ಬೇಡ. ಈ ಮಗುವಿನ ಮೈಯಲ್ಲಿ ಕೊಬ್ಬು ಕಡಿಮೆ, ಬೇಗ ತಣ್ಣಗಾಗುತ್ತದೆ. ತಣ್ಣಗಾದರೆ ಹಾಲು ಕುಡಿಯುವ ಶಕ್ತಿಯೂ ಹೋಗುತ್ತದೆ. ಎರಡು ಕಿಲೋ ದಾಟಿ ಹೊಕ್ಕುಳು ಒಣಗಿ ಬೀಳುವವರೆಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಆಮೇಲೆ ನಿಮ್ಮ ಕೈಯ ಎಣ್ಣೆ ಸ್ನಾನ ಆಗಲಿ.

ಸೊಸೆಯಮ್ಮ, ಕಾಂಗರೂ ಆರೈಕೆ ಹೇಳಿಕೊಟ್ಟಿದ್ದಾರಾ? ಮಗುವಿಗೆ ಟೊಪ್ಪಿ, ಕಾಲುಚೀಲ, ಕೆಳಗೆ ಬಟ್ಟೆ ಮಾತ್ರ. ನಿನ್ನ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವ ಹಾಗೆ ನೇರ ಮಲಗಿಸಿ ಬಟ್ಟೆ ಸುತ್ತಬೇಕು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಬೆಚ್ಚಗಿಡುವ ಪೆಟ್ಟಿಗೆ ಸಾಲದೆ ಶುರು ಮಾಡಿದ್ದು. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ದಿನಕ್ಕೆ 8 ಗಂಟೆಯಿಂದ 24 ಗಂಟೆವರೆಗೆ ಮಾಡಿ ಅನ್ನುತ್ತದೆ.

ನೀರ್ಚಾಲಿನ ಸೊಸೆ
ಆಸ್ಪತ್ರೆಯಲ್ಲಿ ಒಂದು ದಿನ ತೋರಿಸಿದ್ದರು. ಮನೆಗೆ ಬಂದ ಮೇಲೆ ನಾಚಿಕೆಯಾಗಿ ಬಿಟ್ಟೆ. ಯಾವಾಗಲೂ ಯಾರಾದರೂ ಬಂದು ಹೋಗುತ್ತಿರುತ್ತಾರೆ.

ಕುಂಬಳೆ ಕಡಲು
ಬರುವವರನ್ನೇ ಒಂದು ತಿಂಗಳು ನಿಲ್ಲಿಸಿ. ಶೀತ ಕೆಮ್ಮು ತರುವವರೂ ಅವರೇ, ಅಳಿಸುವವರೂ ಅವರೇ.

ಉಪ್ಪಳ ಶಾರ್ಜಾ
ಅಪ್ಪ ಮಾಡಬಹುದಾ ಇದನ್ನು?

ಹಳೇ ನರ್ಸಮ್ಮ
ಖಂಡಿತ ಮಾಡಬಹುದು. ಅಪ್ಪ, ಅಜ್ಜಿ, ಚಿಕ್ಕಮ್ಮ ಯಾರಾದರೂ. ಬೆಚ್ಚಗಿನ ಎದೆ ಸಾಕು. ನೀನು ಈಗ ನೋಡಬೇಕಾದದ್ದು ಬೇರೆ ಉಂಟು. ಹೆಂಡತಿಯ ಮುಖ, ಕೈ ಬಾತುಕೊಂಡರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ ಕಾಯಬಾರದು. ಬಿಪಿ 140/90ಕ್ಕೆ ಬಂದರೆ ಆ ದಿನವೇ ಆಸ್ಪತ್ರೆ. ಸರಕಾರಿ ಆಸ್ಪತ್ರೆಯಲ್ಲಿ ತಿಂಗಳ 9ನೇ ತಾರೀಕು ಬಸುರಿಯರ ಉಚಿತ ತಪಾಸಣೆ ಇರುತ್ತದೆ, ಕಳಿಸು.

ಉಪ್ಪಳ ಶಾರ್ಜಾ
ಅಮ್ಮನಿಗೆ ಹೇಳಿಯಾಯಿತು. ಡಾಕ್ಟ್ರ ಹೆಸರು ತೆಗೆಯಲಿಲ್ಲ, ಅಜ್ಜಿ ಹೇಳಿದ ಕಥೆಯನ್ನೇ ಓದಿ ಹೇಳಿದೆ. ಅಮ್ಮ ಅತ್ತರು. ಇವತ್ತು ವಿಡಿಯೋ ಕಾಲ್‌ನಲ್ಲಿ ಹೆಂಡತಿಯ ತಟ್ಟೆ ತೋರಿಸಿದರು, ಎರಡು ಬಂಗುಡೆ. ಗಂಟೆ ಒಂದು ಆಗಿರಲಿಲ್ಲ.

ನೀರ್ಚಾಲಿನ ಸೊಸೆ
ಹತ್ತು ದಿನ ಆಯಿತು ಬರೆಯದೆ. ಇವತ್ತು 21ನೇ ದಿನ. ಆಶಾ ಅಕ್ಕ ತೂಗುಯಂತ್ರ ಹಿಡಿದುಕೊಂಡು ಬಂದಿದ್ದರು. 2 ಕಿಲೋ 180.

ಅತ್ತೆ ಈಗ ಸಂಜೆ ನಾಲ್ಕರಿಂದ ಆರು ಗಂಟೆಯವರೆಗೆ ಮಗುವನ್ನು ತಮ್ಮ ಎದೆಯ ಮೇಲೆ ಇಟ್ಟುಕೊಳ್ಳುತ್ತಾರೆ. ನಾನು ಆ ಹೊತ್ತಿಗೆ ಮಲಗುತ್ತೇನೆ. ಆಮೇಲೆ ಪಕ್ಕದ ಮನೆಯವರು ಬಂದು "ಇಷ್ಟು ಸಣ್ಣ ಯಾಕೆ" ಅಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ "ದಿನಕ್ಕೆ ಸುಮಾರು 23 ಗ್ರಾಂ ಏರುತ್ತಿದ್ದಾಳೆ" ಅಂದರು.

ಒಂದು ಪ್ರಶ್ನೆ. ಸುತ್ತಲು ಹೊಸ ಬಟ್ಟೆ ಬಿಗಿಯಾಗುತ್ತದೆ, ಅತ್ತೆಗೆ ಸೆಕೆ. ಯಾವುದು ಒಳ್ಳೆಯದು?

ಅಜ್ಜಿಮನೆ
ಹಳೇ ಹತ್ತಿ ಬೈರಾಸು (ಟವೆಲು), ನಾಲ್ಕೈದು ಸಲ ಒಗೆದದ್ದು. ಅಜ್ಜಿ ಒಂದನ್ನು ತೆಗೆದಿಟ್ಟಿದ್ದಾರೆ, ಬದಿಯಡ್ಕ ಪೇಟೆಗೆ ಬಂದರೆ ಕೊಡುತ್ತೇನೆ.